ಶನಿವಾರದ ಡಾರ್ಸೆಟ್ ಕರಾವಳಿ ನಡಿಗೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 10ಕ್ಕೆ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಲಲ್‌ವರ್ತ್ ಕೋವ್ (ಚಿಕ್ಕ ಕೊಲ್ಲಿ) ಕಾರ್ ಪಾರ್ಕಿನಲ್ಲಿ ಸೇರೋಣ. ರೈಲಿನಲ್ಲಿ ಬರುವವರು ವೂಲ್ ಸ್ಟೇಷನ್‌ನಲ್ಲಿ ಇಳಿಯಿರಿ, ಕಾರು ಕಳಿಸುತ್ತೇವೆ.

ಕಾರ್ ಪಾರ್ಕಿನಿಂದ ಡರ್ಡಲ್ ಡೋರ್ (ಸಮುದ್ರದಂಚಿನ ಕಲ್ಲಿನ ಕಮಾನು) ಸುಮಾರು ಒಂದು ಮೈಲಿ. ದೂರ ಕಮ್ಮಿ ಅಂತ ಹಗುರವಾಗಿ ತಗೋಬೇಡಿ, ಏರು ಜಾಸ್ತಿ. ಮಳೆ ಬಿದ್ದರೆ ದಾರಿ ಜಾರುತ್ತದೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಮಂಡಿ ನೋವಿದ್ದರೆ ಕೋವ್‌ನ ದಂಡೆಯಲ್ಲೇ ಕೂರಬಹುದು. ನಮ್ಮಲ್ಲೊಬ್ಬರು ಜೊತೆಗಿರುತ್ತೇವೆ.

ಒಂದು ವಿಷಯ ದಯವಿಟ್ಟು ಕೇಳಿ. ಈ ಕಡಿದಾದ ಗುಡ್ಡಗಳಿಂದ ಕಲ್ಲು ಯಾವಾಗ ಬೇಕಾದರೂ ಉದುರುತ್ತದೆ. ನೆರಳಿದೆ ಅಂತ ಅದರ ಬುಡದಲ್ಲಿ ಚಾಪೆ ಹಾಸಬೇಡಿ. ಫೋಟೋಗಾಗಿ ಅಂಚಿಗೆ ಹೋಗಬೇಡಿ. ಮಕ್ಕಳ ಕೈ ಬಿಡಬೇಡಿ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ (ಕರಾವಳಿ ರಕ್ಷಣಾ ತಂಡ) ಕೇಳಿ.

ಕೋವ್‌ನ ಪೂರ್ವಕ್ಕೆ ಸೇನೆಯ ಗುಂಡು ಹಾರಿಸುವ ಜಾಗವಿದೆ. ನಾವು ಹೋಗುವುದು ಪಶ್ಚಿಮಕ್ಕೆ. ಸುಮ್ನೆ ನೋಡಿ ಬರೋಣ ಅಂತ ಆ ಕಡೆ ಹೋಗಬೇಡಿ, ಕೆಂಪು ಬಾವುಟ ಕಂಡರಂತೂ ಖಂಡಿತ ಬೇಡ.

ಬಾರ್ಬೆಕ್ಯೂ ತರಬೇಡಿ. ಚಿತ್ರಾನ್ನ, ಮೊಸರನ್ನ ಸಾಕು, ಅಲ್ವಾ? ಕಸ ವಾಪಸ್ ತರೋಣ.

ಎಷ್ಟು ಜನ ಬರುತ್ತೀರಿ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ, ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.