ಆ ರಾತ್ರಿಯ ರೇಡಿಯೊ ನಿರೂಪಕರಿಗೆ

ಕಳೆದ ಜನವರಿಯಲ್ಲಿ, ಶಿವಮೊಗ್ಗದಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದಾರೆಂಬ ಕರೆ ಬಂದೊಡನೆ ಫಿಲಡೆಲ್ಫಿಯಾದಿಂದ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಹೊರಟ ನಾನು, ಹಿಮ ಸುರಿದು ವಾಹನಗಳೆಲ್ಲ ನಿಂತುಹೋದ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಎರಡು ಗಂಟೆ ಕದಲದೆ ಕುಳಿತಿದ್ದೆ. ಮೌನ ತಾಳಲಾರದೆ ರೇಡಿಯೊ ಹಾಕಿದಾಗ ತಾವು ಮಡ್ಡಿ ವಾಟರ್ಸ್ ಅವರ ಬ್ಲೂಸ್ ಹಾಡು ಮುಗಿಸಿ, ಡಿಕ್ ಡೇಲ್ 1962ರಲ್ಲಿ ಸರ್ಫ್ ಗಿಟಾರಿನಲ್ಲಿ, ಅಂದರೆ ಕಡಲಲೆ ಸವಾರರ ಮೆಚ್ಚಿನ ಗಿಟಾರ್ ಶೈಲಿಯಲ್ಲಿ, ಮುದ್ರಿಸಿದ 'ಮಿಸಿರ್ಲೂ'ಗೆ ಹೊರಳಿದಿರಿ. ಅದು ಪೂರ್ವ ಮೆಡಿಟರೇನಿಯನ್ ಸೀಮೆಯ ಹಳೆಯ ಧಾಟಿ. ಆ ಬಿರುಸಿನ ಮೀಟು ನನ್ನ ಎದೆಬಡಿತಕ್ಕಿಂತ ಜೋರಾಗಿತ್ತು.

ಯಾರೊಡನೆಯಾದರೂ ಮಾತನಾಡಬೇಕೆನಿಸಿ ಸ್ಟುಡಿಯೊಗೆ ಫೋನ್ ಮಾಡಿದೆ. ತಾವೇ ಎತ್ತಿದಿರಿ. ಹಾಡು ಮುಗಿಯುವವರೆಗೂ ಕೇಳಿಸಿಕೊಂಡಿರಿ, "ಶಿವಮೊಗ್ಗ" ಎಂಬುದನ್ನು ಸರಿಯಾಗಿ ಹೇಳಲು ಬರುವ ತನಕ ಮೂರು ಬಾರಿ ಉಚ್ಚರಿಸಿದಿರಿ, "ಲೈನಿನಲ್ಲೇ ಇರಿ" ಎಂದು ಮುಂದಿನ ರೆಕಾರ್ಡಿಗೆ ಮುಳ್ಳು ಇಟ್ಟು ಬಂದು, ಯಾವ ತಿರುವಿನಾಚೆ ರಸ್ತೆ ತೆರೆದಿದೆಯೆಂದು ನೋಡಿ ತಿಳಿಸಿದಿರಿ.

ಇನ್ನೊಂದು ಸಂಗತಿ ವಿಮಾನದಲ್ಲಿ ಕುಳಿತ ಮೇಲಷ್ಟೇ ಹೊಳೆಯಿತು. ಮುಂದೆ ಓಟಿಸ್ ರೆಡಿಂಗ್ ಹಾಡು ಬರುತ್ತದೆಂದು ತಾವು ಮೊದಲೇ ಹೇಳಿದ್ದಿರಿ. ಆದರೆ ನಾನು ವಿಮಾನ ಹತ್ತಲಿದ್ದೇನೆಂದು ತಿಳಿದ ಮೇಲೆ, 1967ರ ಡಿಸೆಂಬರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಆ 'ಸೋಲ್' (soul) ಸಂಗೀತದ ಗಾಯಕನನ್ನು ಸದ್ದಿಲ್ಲದೆ ಬದಿಗಿಟ್ಟು ಬಿಲ್ ವಿದರ್ಸ್ ಅವರ ಹಾಡನ್ನು ಹಾಕಿದಿರಿ. ಕಾರಣ ಹೇಳಲಿಲ್ಲ. ನಾನು ತಮ್ಮ ಹೆಸರನ್ನೂ ಕೇಳಲಿಲ್ಲ.

ಅಮ್ಮ ಈಗ ಮನೆಯಲ್ಲಿದ್ದಾರೆ. ತಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.