ಏಪ್ರಿಲ್‌ನಿಂದ ಸರ್ವೀಸ್ ಲೆಕ್ಕ ಗಂಟೆಯಲ್ಲೂ: ಲಾರಿ, ಟಿಪ್ಪರ್ ಮಾಲೀಕರಿಗೆ ಪತ್ರ

ಸಾಗರ ರಸ್ತೆ, ಶಿವಮೊಗ್ಗ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರಿ ವರ್ಕ್‌ಶಾಪಿನಲ್ಲಿ ಲಾರಿ, ಟಿಪ್ಪರ್‌ಗಳ ಇಂಜಿನ್ ಆಯಿಲ್ ಬದಲಿಸುವ ಅವಧಿಯನ್ನು ಇಲ್ಲಿಯವರೆಗೆ ಕಿಲೋಮೀಟರ್ ಒಂದನ್ನೇ ನೋಡಿ ನಿಗದಿ ಮಾಡುತ್ತಿದ್ದೆವು, 20,000 ಕಿ.ಮೀ. ತುಂಬಿದಾಗ ಬನ್ನಿ ಎಂದು ಬಾಗಿಲಿಗೆ ಚೀಟಿ ಅಂಟಿಸಿ ಕಳಿಸುತ್ತಿದ್ದೆವು. ಬರುವ ಏಪ್ರಿಲ್ 1ರಿಂದ ಆ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ. ಇಂಜಿನ್ ಚಾಲೂ ಇದ್ದ 500 ಗಂಟೆ ಅಥವಾ 20,000 ಕಿ.ಮೀ., ಇವೆರಡರಲ್ಲಿ ಯಾವುದು ಮೊದಲು ತುಂಬುತ್ತದೋ ಆಗ ಆಯಿಲ್ ಮತ್ತು ಫಿಲ್ಟರ್ ಬದಲಾಗಬೇಕು. ಇಂಜಿನ್ ಬಿಚ್ಚಿ ಕಟ್ಟುವ ಕಾಲ ಬಂತೋ ಇಲ್ಲವೋ ಎಂಬುದನ್ನೂ ಇನ್ನು ಮೇಲೆ ಬರೀ ಮೀಟರಿನ ಓಟ ನೋಡಿ ಹೇಳುವುದಿಲ್ಲ. ಇದರಿಂದ ನಿಮ್ಮಲ್ಲಿ ಕೆಲವರಿಗೆ ಖರ್ಚು ಹೆಚ್ಚಾಗಲಿದೆ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಹೊಣೆ.

ಈ ಬದಲಾವಣೆಗೆ ಕಾರಣವಾದದ್ದು ನಮ್ಮದೇ ತಪ್ಪು. ಕಳೆದ ಮಳೆಗಾಲ ಮುಗಿದ ಮೇಲೆ, ಕ್ರಷರ್‌ನಿಂದ ಜಲ್ಲಿ ಸಾಗಿಸುವ ಒಂದು ಟಿಪ್ಪರ್ ಆಯಿಲ್ ಪ್ರೆಷರ್ ದೀಪ ಆಗಾಗ ಮಿನುಗುತ್ತದೆ ಎಂಬ ದೂರಿನೊಡನೆ ಬಂತು. ಗೇಜ್ ಕಡ್ಡಿ ತೆಗೆದು ನೋಡಿದರೆ ಆಯಿಲ್ ಕಡಿಮೆಯಾಗಿರಲಿಲ್ಲ, ಮೇಲಿನ ಗೆರೆಯನ್ನೂ ದಾಟಿತ್ತು. ಮಾಲೀಕರಿಗೆ ಅದೇ ಸಮಾಧಾನ: ಇಂಜಿನ್ ಒಂದು ತೊಟ್ಟೂ ಆಯಿಲ್ ಕುಡಿದಿಲ್ಲ ನೋಡಿ ಎಂದರು. ನಮ್ಮ ಹಿರಿಯ ಮೆಕ್ಯಾನಿಕ್ ಕಡ್ಡಿಯ ತುದಿಯ ಆಯಿಲನ್ನು ಎರಡು ಬೆರಳಿನ ನಡುವೆ ಉಜ್ಜಿ ಮೂಸಿದರು. ಅಂಟೇ ಇರಲಿಲ್ಲ, ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಇಂಜಿನ್ ತಳದ ಆಯಿಲ್ ತೊಟ್ಟಿಯಾದ ಚೇಂಬರ್ ಇಳಿಸಿ ಬೇರಿಂಗ್ ತೆಗೆದಾಗ ಮೇಲಿನ ಬೂದು ಬಣ್ಣದ ಪದರ ಸವೆದು ಒಳಗಿನ ತಾಮ್ರದ ಬಣ್ಣ ಉದ್ದಕ್ಕೂ ಕಾಣುತ್ತಿತ್ತು. ಬಾಗಿಲಿಗೆ ಅಂಟಿಸಿದ್ದ ನಮ್ಮ ಚೀಟಿಯ ಪ್ರಕಾರ ಆ ಗಾಡಿಯ ಸರ್ವೀಸಿಗೆ ಇನ್ನೂ 6,000 ಕಿ.ಮೀ. ಬಾಕಿ ಇತ್ತು.

ಸ್ಕ್ಯಾನರ್ ಹಾಕಿ ಇಂಜಿನ್ ಕಂಪ್ಯೂಟರಿನ ದಾಖಲೆ ತೆಗೆದೆವು. ಒಟ್ಟು ಓಟ 61,400 ಕಿ.ಮೀ., ಇಂಜಿನ್ ಚಾಲೂ ಇದ್ದದ್ದು 4,870 ಗಂಟೆ, ಅದರಲ್ಲಿ ನಿಂತಲ್ಲೇ ಐಡಲಿಂಗ್‌ನಲ್ಲಿ ಕಳೆದದ್ದು 2,100 ಗಂಟೆ. ಭಾಗಿಸಿ ನೋಡಿದರೆ ಸರಾಸರಿ ವೇಗ ಗಂಟೆಗೆ 12.6 ಕಿ.ಮೀ. ಹಿಂದಿನ ಸರ್ವೀಸಿನ ನಂತರ ಓಡಿದ 14,000 ಕಿ.ಮೀ.ಗೆ ಈ ಲೆಕ್ಕದಲ್ಲಿ ಸುಮಾರು 1,100 ಗಂಟೆ ಒಂದೇ ಆಯಿಲ್ ದುಡಿದಿತ್ತು. ಕಡಿಮೆ ಓಡಿದ ಗಾಡಿ, ಹೊಸದಿದ್ದ ಹಾಗೇ ಇದೆ ಎಂದು ಹಿಂದಿನ ಸಲ ಹೇಳಿ ಕಳಿಸಿದವರು ನಾವೇ ಆದ್ದರಿಂದ ಬೇರಿಂಗ್ ಕೆಲಸದ ಅರ್ಧ ಖರ್ಚನ್ನು ಸಂಘವೇ ಭರಿಸಿತು.

20,000 ಕಿ.ಮೀ. ಎಂಬ ಅಂಕಿ ತಪ್ಪೇನಲ್ಲ, ಆದರೆ ಗಾಡಿ ಗಂಟೆಗೆ ಸರಾಸರಿ 40 ಕಿ.ಮೀ. ಓಡುತ್ತದೆ ಎಂಬ ಊಹೆ ಅದರೊಳಗೆ ಅಡಗಿದೆ. 500 ಗಂಟೆಯನ್ನು 40ರಿಂದ ಗುಣಿಸಿದರೆ ಬರುವುದೇ ಅದು. ಅಡಿಕೆ ಹೇರಿಕೊಂಡು ಕಡೂರು, ತುಮಕೂರಿನ ಮೇಲೆ ಹೋಗುವ ಲಾರಿಗಳಿಗೆ ಈ ಊಹೆ ಹೆಚ್ಚು ಕಡಿಮೆ ಸರಿಹೋಗುತ್ತದೆ, ಆದ್ದರಿಂದ ಅಂಥ ಗಾಡಿಗಳ ಮಾಲೀಕರಿಗೆ ಈ ಬದಲಾವಣೆ ಗೊತ್ತೂ ಆಗುವುದಿಲ್ಲ. ಗಂಟೆಗೆ 14 ಕಿ.ಮೀ. ಸರಾಸರಿಯ ಟಿಪ್ಪರ್‌ಗೆ 500 ಗಂಟೆ ಎಂದರೆ 7,000 ಕಿ.ಮೀ. ಮಾತ್ರ. ಡ್ರಮ್ ತಿರುಗಿಸಲು ನಿಂತಲ್ಲೂ ಇಂಜಿನ್ ಚಾಲೂ ಇಡಲೇಬೇಕಾದ ಕಾಂಕ್ರೀಟ್ ಮಿಕ್ಸರ್‌ಗಳದ್ದು ಇನ್ನೂ ಕಡಿಮೆ. ಬೋರ್‌ವೆಲ್ ಲಾರಿಯವರಿಗೆ ನಾವು ಹೊಸದಾಗಿ ಹೇಳುವುದೇನೂ ಇಲ್ಲ, ಅವರ ಕಂಪ್ರೆಸರ್ ಇಂಜಿನ್‌ಗೆ ಕಿಲೋಮೀಟರ್ ಎಂಬುದೇ ಇಲ್ಲದ್ದರಿಂದ ಅವರು ಮೊದಲಿನಿಂದಲೂ ಗಂಟೆಯಲ್ಲೇ ಮಾತನಾಡುತ್ತಾರೆ.

ಐಡಲಿಂಗ್‌ನಲ್ಲಿ ಇಂಜಿನ್‌ಗೆ ವಿಶ್ರಾಂತಿ ಸಿಗುತ್ತದೆ ಎಂಬ ನಂಬಿಕೆ ನಮ್ಮ ಚಾಲಕರಲ್ಲಿ ಗಟ್ಟಿಯಾಗಿದೆ. ಕ್ರಷರ್ ಮುಂದೆ ಸಾಲು ನಿಂತಾಗ, ಬ್ಯಾಟರಿ ದುರ್ಬಲವಾಗಿದೆ, ಆಫ್ ಮಾಡಿದರೆ ಮತ್ತೆ ಸೆಲ್ಫ್ ಎತ್ತುತ್ತದೋ ಇಲ್ಲವೋ ಎಂಬ ಭಯಕ್ಕೆ ಗಂಟೆಗಟ್ಟಲೆ ಚಾಲೂ ಇಡುತ್ತಾರೆ. ಮಳೆ ಹಿಡಿದು ಕೂತ ದಿನಗಳಲ್ಲಂತೂ ಕೇಳುವುದೇ ಬೇಡ. ಭಾರವಿಲ್ಲದ ಡೀಸೆಲ್ ಇಂಜಿನ್‌ನ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ಸಿಲಿಂಡರಿನ ಒಳಗೋಡೆಯ (ಲೈನರ್) ಆಯಿಲನ್ನು ತೊಳೆದುಕೊಂಡು ಪಿಸ್ಟನ್ ರಿಂಗ್ ಸಂದಿಯಿಂದ ಚೇಂಬರ್‌ಗೆ ಇಳಿಯುತ್ತದೆ, ಮಸಿಯೂ ಜೊತೆಗೆ ಸೇರುತ್ತದೆ. 2020ರ ಏಪ್ರಿಲ್ ನಂತರದ, ಹೊಗೆ ನಿಯಂತ್ರಣದ ಬಿಎಸ್-6 ನಿಯಮದ ಗಾಡಿಗಳಲ್ಲಿ ತೊಂದರೆ ಇನ್ನೂ ಒಂದು ಹೆಜ್ಜೆ ಮುಂದೆ: ಹೊಗೆ ಬಿಸಿಯೇರದಿದ್ದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನಲ್ಲಿ ಕೂತ ಮಸಿ ತಾನಾಗಿ ಸುಡುವುದಿಲ್ಲ, ಅದನ್ನು ಸುಡಲು ಕೆಲವು ಇಂಜಿನ್‌ಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ, ಅದರ ಒಂದು ಪಾಲು ಮತ್ತೆ ಆಯಿಲ್‌ಗೇ ಬಂದು ಸೇರುತ್ತದೆ. ಆ ಟಿಪ್ಪರಿನ ಗೇಜ್ ಕಡ್ಡಿಯಲ್ಲಿ ಆಯಿಲ್ ಏರಿದ್ದೂ, ಅದು ತೆಳುವಾಗಿ ಬೇರಿಂಗ್ ಸವೆದದ್ದೂ ಹೀಗೆ.

ಘಾಟಿಯ ಮಾತು ಬೇರೆ. ಆಗುಂಬೆಯ 14 ತಿರುವುಗಳಲ್ಲಿ ಭಾರಿ ಲಾರಿಗಳಿಗೆ ನಿರ್ಬಂಧವಿರುವುದರಿಂದ ಕುಂದಾಪುರದ ಕಡೆಯಿಂದ ಬರುವ ನಿಮ್ಮ ಗಾಡಿಗಳು ಹೆಚ್ಚಾಗಿ ಹುಲಿಕಲ್ ಘಾಟಿ ಹತ್ತುತ್ತವೆ. ಲೋಡು ಹೊತ್ತು ಎರಡನೇ ಗೇರಿನಲ್ಲಿ ಹತ್ತಿದ ದೂರವೂ ಖಾಲಿಯಾಗಿ ಗೇರಿನಲ್ಲೇ ಇಳಿದ ದೂರವೂ ಮೀಟರಿನಲ್ಲಿ ಒಂದೇ. ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ ಎಂಬುದನ್ನು ಕಿಲೋಮೀಟರ್ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ಗಂಟೆಯೂ ಹೇಳುವುದಿಲ್ಲ. ಹತ್ತಿದ ಒಂದು ಗಂಟೆಯೂ ಕ್ರಷರ್ ಮುಂದೆ ನಿಂತ ಒಂದು ಗಂಟೆಯೂ ಅದಕ್ಕೆ ಸಮ. ನಮ್ಮನ್ನು ಕೇಳಿದರೆ ಇಂಜಿನ್ ಎಷ್ಟು ದುಡಿದಿದೆ ಎಂಬುದಕ್ಕೆ ಅದು ಸುಟ್ಟ ಒಟ್ಟು ಡೀಸೆಲ್ ಇವೆರಡಕ್ಕಿಂತ ಒಳ್ಳೆಯ ಸಾಕ್ಷಿ. ಕಂಪ್ಯೂಟರ್ ಇರುವ ಗಾಡಿಗಳಲ್ಲಿ ಆ ಅಂಕಿಯೂ ಸಿಗುವುದರಿಂದ ಗಂಟೆ, ಐಡಲಿಂಗ್ ಗಂಟೆ, ಒಟ್ಟು ಡೀಸೆಲ್ ಮೂರನ್ನೂ ಪ್ರತಿ ಸರ್ವೀಸಿನಲ್ಲಿ ಬಿಲ್ಲಿನ ಹಿಂಬದಿಗೆ ಬರೆದುಕೊಡುತ್ತೇವೆ.

ಕಂಪ್ಯೂಟರ್ ಇಲ್ಲದ ಹಳೆಯ ಪಂಪಿನ ಗಾಡಿಗಳಿಗೆ, ಇಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಕೂರಿಸಿಕೊಡುತ್ತೇವೆ. ಮೀಟರಿಗೆ ನಮಗೆ ಬಿದ್ದ ಬೆಲೆ ಮಾತ್ರ, ಕೂಲಿ ಇಲ್ಲ. ಹೊರಗಡೆ ಹಾಕಿಸುವವರು ಒಂದು ವಿಷಯ ಗಮನಿಸಬೇಕು: ವೈರನ್ನು ಕೀ ಸ್ವಿಚ್‌ನಿಂದ ನೇರವಾಗಿ ಎಳೆದರೆ, ಚಾಲಕರು ಕೀ ಆನ್ ಇಟ್ಟು ಹಾಡು ಕೇಳಿದ ಹೊತ್ತೂ ಇಂಜಿನ್ ಲೆಕ್ಕಕ್ಕೆ ಸೇರುತ್ತದೆ; ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಕೊಟ್ಟರೆ ಇಂಜಿನ್ ತಿರುಗಿದಾಗ ಮಾತ್ರ ಓಡುತ್ತದೆ. ಹಳೆಯ ಟ್ರ್ಯಾಕ್ಟರ್‌ಗಳ ಕೇಬಲ್ ಮೀಟರನ್ನು ಇದಕ್ಕೆ ಹೋಲಿಸಬೇಡಿ. ಅದು ಇಂಜಿನ್ ಸುತ್ತುಗಳನ್ನು ಎಣಿಸುವುದರಿಂದ ನಿಗದಿತ ಆರ್‌ಪಿಎಂನಲ್ಲಿ ಮಾತ್ರ ಒಂದು ಗಂಟೆಗೆ ಒಂದು ಗಂಟೆ ತೋರಿಸುತ್ತದೆ, ಐಡಲಿಂಗ್‌ನಲ್ಲಿ ಹಿಂದೆ ಬೀಳುತ್ತದೆ.

ಇಂಜಿನ್ ಬಿಚ್ಚಿ ಕಟ್ಟುವ ಕಾಲ ಬಂತೇ ಎಂದು ಕೇಳುವವರಿಗೆ ಇನ್ನು ಮುಂದೆ ಇಂಜಿನ್ ಬಿಸಿಯಾದ ಮೇಲಿನ ಆಯಿಲ್ ಪ್ರೆಷರ್, ಸಿಲಿಂಡರಿನ ಕಂಪ್ರೆಷನ್ ಒತ್ತಡ, ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕೊಳವೆಯಿಂದ ಬರುವ ಹೊಗೆ ಮತ್ತು ಎರಡು ಸರ್ವೀಸುಗಳ ನಡುವೆ ಸುರಿದ ಆಯಿಲ್‌ನ ಪ್ರಮಾಣ ನೋಡಿಯೇ ಉತ್ತರಿಸುತ್ತೇವೆ. ಇಷ್ಟು ಗಂಟೆಗೆ ಇಂಜಿನ್ ಮುಗಿಯಿತು ಎಂಬ ಅಂಕಿಯನ್ನು ದಯವಿಟ್ಟು ನಮ್ಮಿಂದ ಕೇಳಬೇಡಿ. ಕಂಪನಿಗಳು ಹೇಳುವ ಬಿ10 ಆಯಸ್ಸು ಕೂಡ 100 ಇಂಜಿನ್‌ಗಳಲ್ಲಿ 10 ಇಂಜಿನ್ ದೊಡ್ಡ ದುರಸ್ತಿಗೆ ಬರುವ ಹೊತ್ತನ್ನು ಸೂಚಿಸುತ್ತದೆಯೇ ಹೊರತು ನಿಮ್ಮ ಇಂಜಿನ್ ಆ ಹತ್ತರಲ್ಲಿದೆಯೋ ಉಳಿದ ತೊಂಬತ್ತರಲ್ಲಿದೆಯೋ ಎಂಬುದನ್ನಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಮಾತ್ರ ಮುಂಗಡ ಕೊಡುವ ಮೊದಲು ಒಮ್ಮೆ ಇಲ್ಲಿಗೆ ತನ್ನಿ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿದರೆ ಅದು ಹೆದ್ದಾರಿಯಲ್ಲಿ ಬಾಳಿದೆಯೋ ಕ್ವಾರಿಯಲ್ಲಿ ಬಾಳಿದೆಯೋ ಐದು ನಿಮಿಷದಲ್ಲಿ ತಿಳಿಯುತ್ತದೆ.

ವಾರಂಟಿ ಇರುವ ಗಾಡಿಗಳಿಗೆ ಕಂಪನಿಯ ಪುಸ್ತಕದಲ್ಲಿರುವ ಅವಧಿಯೇ ಅಂತಿಮ. ನಮ್ಮ 500 ಗಂಟೆ ಅದಕ್ಕಿಂತ ಮುಂಚೆ ಬಂದರೆ ಮಾತ್ರ ನೆನಪಿಸುತ್ತೇವೆ. ಟಿಪ್ಪರ್ ಮಾಲೀಕರಿಗೆ ವರ್ಷಕ್ಕೆ ಎರಡು ಸಲ ಸುರಿಯುತ್ತಿದ್ದ ಆಯಿಲನ್ನು ಐದಾರು ಸಲ ಸುರಿಯಬೇಕಾಗಬಹುದೆಂಬುದು ನಮಗೆ ಗೊತ್ತಿದೆ. ಈ ಕಾರಣಕ್ಕೆ ಗಂಟೆಯ ಲೆಕ್ಕದಲ್ಲಿ ಬೇಗ ಬರುವ ಗಾಡಿಗಳಿಗೆ ಮೊದಲ ಒಂದು ವರ್ಷ ಸರ್ವೀಸ್ ಕೂಲಿಯನ್ನು ಅರ್ಧಕ್ಕೆ ಇಳಿಸಿದ್ದೇವೆ. ಐಡಲಿಂಗ್ ಕಡಿಮೆ ಮಾಡಿದರೆ ಸರ್ವೀಸಿನ ದಿನವೂ ಅಷ್ಟು ದೂರ ಹೋಗುತ್ತದೆ, ಹೊಸ ಬ್ಯಾಟರಿಯ ಬೆಲೆಯನ್ನು ಈ ಖರ್ಚಿನ ಪಕ್ಕದಲ್ಲಿಟ್ಟು ನೋಡಿ.

ಮಾರ್ಚ್ ಮುಗಿಯುವುದರೊಳಗೆ ಗಾಡಿಯನ್ನು ಒಮ್ಮೆ ತಂದರೆ ಈಗಿನ ಗಂಟೆಯನ್ನು ಓದಿ ಹೊಸ ಚೀಟಿ ಅಂಟಿಸುತ್ತೇವೆ, ಅದಕ್ಕೆ ಶುಲ್ಕವಿಲ್ಲ. ಬರುವಾಗ ಹಿಂದಿನ ಸರ್ವೀಸಿನ ಬಿಲ್ ತನ್ನಿ, ಸಾಧ್ಯವಾದರೆ ಗಾಡಿ ಓಡಿಸುವ ಚಾಲಕರನ್ನೇ ಕಳಿಸಿ. ಭಾನುವಾರ ರಜೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)