ಕಬ್ಬನ್ ಸಹಿಗೆ ಲ್ಯಾಮಿನೇಷನ್ ಬೇಡ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಕಳೆದ ತಿಂಗಳು ಹಳೆಯ ಕಂದಾಯ ಕಡತಗಳನ್ನು ಇಟ್ಟಿರುವ ಒಂದು ಕಚೇರಿಗೆ ಹೋಗಿದ್ದೆ. ಸಿಬ್ಬಂದಿಯೊಬ್ಬರು ಅಕ್ಕರೆಯಿಂದ ಹಾಳೆಯೊಂದನ್ನು ತಂದು ತೋರಿಸಿದರು. ಕೆಳಗೆ ಬಲಮೂಲೆಯಲ್ಲಿ ಮಾರ್ಕ್ ಕಬ್ಬನ್ ಸಹಿ. ಹಾಳೆ ಮಾತ್ರ ಪಡಿತರ ಚೀಟಿಯಂತೆ ಪ್ಲಾಸ್ಟಿಕ್‌ನೊಳಗೆ ಬೆಂದು ಕುಳಿತಿತ್ತು. ಸಹಿಯ ಮೇಲೆಯೇ ಒಂದು ಗಾಳಿಗುಳ್ಳೆ. "ಇನ್ನು ನೂರು ವರ್ಷ ಏನೂ ಆಗುವುದಿಲ್ಲ ಸಾರ್" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಡುವವರಿಲ್ಲದಿದ್ದರೆ ಅವರಾದರೂ ಏನು ಮಾಡಿಯಾರು?

ಅಂದಿನ ಮಸಿಯನ್ನು ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಕಾಯಿಸುತ್ತಿದ್ದರು. ಬರೆದಾಗ ಕಪ್ಪಗಿರುವ ಅದು ಬರಬರುತ್ತ ಕಂದಾಗುತ್ತದೆ, ತನ್ನ ಹುಳಿಯಿಂದ, ಅಂದರೆ ಆಮ್ಲದಿಂದ, ಕಾಗದವನ್ನೇ ತಿನ್ನುತ್ತದೆ. ಅದಕ್ಕೆ ಬಿಸಿ ಪ್ಲಾಸ್ಟಿಕ್ ಅಂಟಿಸಿದರೆ ಹುಳಿ ಒಳಗೇ ಉಳಿಯುತ್ತದೆ. ಬಿಡಿಸಹೋದರೆ ಅಕ್ಷರವೂ ಕಿತ್ತು ಬರಬಹುದು. ತಿಳಿದವರು ಮೊದಲು ಹುಳಿ ತೆಗೆದು, ತೆಳು ಜಪಾನಿ ಕಾಗದವನ್ನು ಗಂಜಿಯಲ್ಲಿ ಅಂಟಿಸುತ್ತಾರೆ. ಮುಂದೆ ಬೇಕೆಂದರೆ ಅದನ್ನು ಬಿಡಿಸಲೂ ಬರುತ್ತದೆ.

ನಾನು ಕಬ್ಬನ್ ಸಾಹೇಬರ ಭಕ್ತನೇನಲ್ಲ. ಮದ್ರಾಸ್ ಸೇನೆಯಿಂದ ಬಂದ ಆ ಅಧಿಕಾರಿ 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದರು. ಅವರ ಆಡಳಿತದ ಒಳಿತು ಕೆಡುಕುಗಳನ್ನು ಅಳೆಯಲು ಈ ಕಾಗದಗಳೇ ಬೇಕು. ಪತ್ರದ ಒಡಲನ್ನು ಗುಮಾಸ್ತರು ಬರೆಯುತ್ತಿದ್ದರು. ಸಾಹೇಬರ ಕೈಯದು ಎಂದು ಹೇಳಬಹುದಾದದ್ದು ಹಲವು ಸಲ ಸಹಿಯೊಂದೇ. ಕಳಿಸಿದ ಕಚೇರಿಯಲ್ಲಿ ಉಳಿಯುವ ಪ್ರತಿಯಲ್ಲಿ ಅದೂ ಇರುವುದಿಲ್ಲ. ಇಂದಿಗೂ ನಮ್ಮ ಆದೇಶಗಳ ಪ್ರತಿಗಳಲ್ಲಿ "ಸಹಿ/-" ಎಂದಷ್ಟೇ ಇರುತ್ತದಲ್ಲ, ಹಾಗೆ. ಸಹಿಯಿರುವ ಮೂಲ ಸಿಗಬೇಕಾದದ್ದು ಪತ್ರ ತಲುಪಿದ ಕಡೆ: ಆಗಿನ ಬೆಂಗಳೂರು, ಅಷ್ಟಗ್ರಾಮ (ಮೈಸೂರು ಸೀಮೆ), ನಗರ (ಶಿವಮೊಗ್ಗ ಸೀಮೆ), ಚಿತ್ರದುರ್ಗ ವಿಭಾಗಗಳ ಹಳೆಯ ದಫ್ತರಗಳಲ್ಲಿ.

ಆದ್ದರಿಂದ ನನ್ನ ಕೋರಿಕೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕಷ್ಟೇ ಸಂಬಂಧಿಸಿದ್ದಲ್ಲ. ಕಂದಾಯ ಸಚಿವರೊಡನೆ ಮಾತನಾಡಿ, ಜಿಲ್ಲೆಗಳ ರೆಕಾರ್ಡ್ ರೂಮುಗಳಿಗೆ ಕಾಗದ ಸಂರಕ್ಷಣೆ ಬಲ್ಲವರನ್ನು ಕಳುಹಿಸಿ. ಯಾವ ಕಟ್ಟಿನಲ್ಲಿ ಯಾರ ಸಹಿ ಇದೆ ಎಂಬ ಪಟ್ಟಿಯನ್ನು ಅವರು ಬರೆದಿಡಲಿ. 2020ರಲ್ಲಿ ಕಬ್ಬನ್ ಪ್ರತಿಮೆಯನ್ನು ಹೈಕೋರ್ಟ್ ಆವರಣದಿಂದ ಕಬ್ಬನ್ ಪಾರ್ಕಿಗೆ ಸಾಗಿಸಿದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕಾಗದದ ಕಟ್ಟು ಗೆದ್ದಲಿಗೆ ಹೋದರೆ ಅಷ್ಟೂ ಆಗುವುದಿಲ್ಲ.

ಇದಕ್ಕೆಲ್ಲ ಸಮಯ, ಹಣ ಬೇಕು, ಬಲ್ಲೆ. ಅಲ್ಲಿಯವರೆಗೆ ಒಂದು ಸಾಲಿನ ಸುತ್ತೋಲೆ ಸಾಕು: ಲ್ಯಾಮಿನೇಷನ್ ಯಂತ್ರ ಗುರುತಿನ ಚೀಟಿಗಳಿಗೆ ಮಾತ್ರ.

ಇಂತಿ,
ಹಳೆಯ ಕಡತಗಳ ಓದುಗ